ಕರಿಕೆ ದಾರಿಗೆ ಎಂಥ ಟ್ರೈಪಾಡ್?

ಪುಟ್ಟ ಕ್ಯಾಮೆರಾ ಇಟ್ಟುಕೊಂಡವರಿಗೆ ಟ್ರೈಪಾಡ್ ಯಾಕೆ ಬೇಕು ಎಂದು ಕೇಳುವವರು ಜುಲೈ ತಿಂಗಳಲ್ಲಿ ಭಾಗಮಂಡಲದಿಂದ ಕರಿಕೆಗೆ ಇಳಿದು ನೋಡಬೇಕು. ಮುಂದೆ ಕೇರಳದ ಪಾಣತ್ತೂರಿಗೆ ಸೇರುವ ಈ ಘಾಟಿ ರಸ್ತೆಯ ಅಂಚಿಗೇ ಜಲಪಾತಗಳು ಬಂದು ಬೀಳುತ್ತವೆ. ಮೇಲೆ ಮೋಡ, ಅದರ ಕೆಳಗೆ ಮರಗಳ ಚಪ್ಪರ, ನಡುಮಧ್ಯಾಹ್ನವೂ ಮುಸ್ಸಂಜೆಯಂತೆ. ಐಎಸ್‌ಒ 100ರಲ್ಲಿಟ್ಟರೆ ಶಟರ್ ಅರ್ಧ ಸೆಕೆಂಡಿಗೆ ತಾನಾಗಿಯೇ ಇಳಿಯುತ್ತದೆ. ನೀರಿನ ಎಳೆ ಮೂಡುವುದಕ್ಕೆ ಅಷ್ಟು ಸಾಕು, ಎನ್‌ಡಿ ಫಿಲ್ಟರ್ ಕೂಡ ಬೇಕಾಗುವುದಿಲ್ಲ. ಆದರೆ ಚಳಿಗೆ ನಡುಗುವ ಕೈ ಅರ್ಧ ಸೆಕೆಂಡು ಅಲುಗಾಡದೆ ನಿಲ್ಲದು.

ಅಂಗಡಿಯವರು ಮೊದಲು ಹೇಳುವುದು ಟ್ರೈಪಾಡ್ ಎಷ್ಟು ಕೆ.ಜಿ. ಹೊರುತ್ತದೆ ಎಂಬುದನ್ನು. ನನ್ನ ಕ್ಯಾಮೆರಾದ ತೂಕ ಸುಮಾರು 300 ಗ್ರಾಂ. ಅದಕ್ಕೆ ಆ ಲೆಕ್ಕ ಕಟ್ಟಿಕೊಂಡು ಏನಾಗಬೇಕು? ಆ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಯೂ ಇಲ್ಲ. ನಾನು ನೋಡುವುದು ಕಾಲಿನ ಕಟ್ಟಕಡೆಯ ತುಂಡನ್ನು. ಮಡಚಿದಾಗ ಚಿಕ್ಕದಾಗಲಿ ಎಂದು ಕಾಲನ್ನು ಐದು ತುಂಡು ಮಾಡಿದರೆ ಐದನೆಯದು ಪೆನ್ಸಿಲಿನಷ್ಟು ತೆಳ್ಳಗಾಗಿಬಿಡುತ್ತದೆ. ಜಲಪಾತದ ಹತ್ತಿರ ಗಾಳಿಯೂ ಜೋರು, ಕ್ಯಾಮೆರಾ ಹಗುರವಾದಷ್ಟೂ ನಡುಕ ಹಿಡಿದು ನಿಲ್ಲಿಸುವ ಭಾರವೂ ಕಡಿಮೆ. ಹಾಗಾಗಿ ನಾಲ್ಕೇ ತುಂಡಿನದನ್ನು ಆರಿಸಿದೆ. ಚೀಲದಲ್ಲಿ ನಾಲ್ಕು ಬೆರಳು ಜಾಸ್ತಿ ಜಾಗ ಹಿಡಿದರೆ ಹಿಡಿಯಲಿ.

ಕಣ್ಣಿನ ಎತ್ತರಕ್ಕೆ ಬರಬೇಕೆಂಬ ಆಸೆಯನ್ನು ಬಿಟ್ಟರೆ ಅರ್ಧ ತೂಕ ಉಳಿಯುತ್ತದೆ. ಈಗಿನ ಹಲವು ಪುಟ್ಟ ಕ್ಯಾಮೆರಾಗಳಲ್ಲಿ ಮೇಲಕ್ಕೆ ತಿರುಗಿಸುವ ಪರದೆ ಇರುತ್ತದೆ, ಸೊಂಟದೆತ್ತರವೇ ಧಾರಾಳ. ನಡುವಿನ ಕಂಬವನ್ನು ಎತ್ತಿ ಎತ್ತರ ಗಳಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದಂತೆ. ಕಳಚಿ ಮನೆಯಲ್ಲೇ ಇಡಬಹುದಾದ ಕಂಬವಾದರೆ ಒಳ್ಳೆಯದು. ಮೂರು ಕಾಲೂ ಬೇರೆಬೇರೆ ಕೋನದಲ್ಲಿ ಅಗಲಿಸಿ ನಿಲ್ಲುವಂತಿರಬೇಕು. ಇಲ್ಲಿ ಸಮತಟ್ಟು ಜಾಗ ಅಂದರೆ ಡಾಂಬರು ಮಾತ್ರ, ಅದರ ಮೇಲೆ ಬಸ್ಸು ಬರುತ್ತದೆ. ಹಾಗೆಂದು ಮೋರಿಯ ಗೋಡೆಯ ಮೇಲೆ ಇಟ್ಟರೂ ಲಾರಿ ದಾಟಿಹೋಗುವ ತನಕ ಕಾಯಲೇಬೇಕು.

ಯಾರೂ ಹೇಳಿಕೊಡದ ಒಂದು ವಿಷಯ: ಚಿಕ್ಕ ಕ್ಯಾಮೆರಾಗಳಲ್ಲಿ ಟ್ರೈಪಾಡ್ ಸ್ಕ್ರೂವಿನ ತೂತು ಬ್ಯಾಟರಿ ಬಾಗಿಲಿಗೆ ತಾಗಿಕೊಂಡೇ ಇರುತ್ತದೆ. ದೊಡ್ಡ ಪ್ಲೇಟು ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಮಳೆಯಲ್ಲಿ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಕಾಲಿಗೆ ಹತ್ತುವ ಜಿಗಣೆ ನೋಡುತ್ತಾ ಪ್ಲೇಟು ಬಿಚ್ಚುವ ಪಾಡು ಬೇಡ. ಕೊಳ್ಳುವಾಗಲೇ ಕ್ಯಾಮೆರಾ ಒಯ್ದು, ಪ್ಲೇಟು ಹಾಕಿ, ಬ್ಯಾಟರಿ ತೆಗೆದು ನೋಡಬೇಕು.

ಇನ್ನೊಂದು, ಕರಿಕೆಗೇ ಸೇರಿದ ಮಾತು. ದಾರಿಯಲ್ಲಿ ಮೂರು ಕಾಲು ನೆಟ್ಟರೆ ಹೋಗುವವರು ನಿಂತು ಕೇಳುತ್ತಾರೆ: “ಎಂತ ಸಾರ್, ಸರ್ವೆಯಾ?” ಕೇಳುವುದರಲ್ಲಿ ತಪ್ಪೇನಿಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿ ಬಂದ 2013ರಿಂದ ಕೊಡಗಿನ ಕಾಡಂಚಿನ ಊರುಗಳಲ್ಲಿ ಅಳತೆಯ ಸಾಮಾನು ಕಂಡರೆ ತೋಟದವರ ಎದೆ ಒಂದು ಗಳಿಗೆ ಹೊಡೆದುಕೊಳ್ಳುತ್ತದೆ. ಮೊಣಕಾಲೆತ್ತರದ ಟ್ರೈಪಾಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತವನನ್ನು ಯಾರೂ ಸರ್ವೆಯವನು ಅಂದುಕೊಳ್ಳುವುದಿಲ್ಲ.

ಕಾರ್ಬನ್ ಫೈಬರೋ ಅಲ್ಯೂಮಿನಿಯಮ್ಮೋ? ಇಷ್ಟು ಗಿಡ್ಡ ಕಾಲುಗಳಲ್ಲಿ ತೂಕದ ವ್ಯತ್ಯಾಸ ಕೆಲವು ನೂರು ಗ್ರಾಂ, ಬೆಲೆಯ ವ್ಯತ್ಯಾಸ ಮಾತ್ರ ದೊಡ್ಡದು. ನಾನು ಅಲ್ಯೂಮಿನಿಯಂ ತೆಗೆದುಕೊಂಡು, ಉಳಿದ ದುಡ್ಡನ್ನು ಬಿಗಿಯಾಗಿ ನಿಲ್ಲುವ ಬಾಲ್ ಹೆಡ್‌ಗೆ ಹಾಕಿದೆ. ಒಣ ನೆಲದಲ್ಲಿ ದಪ್ಪ ತುಂಡನ್ನು ಮೊದಲು ಎಳೆಯುತ್ತೇನೆ. ತೊರೆಗೆ ಇಳಿಸುವಾಗ ತೆಳ್ಳನೆಯದೇ ಮೊದಲು, ಆಗ ಲಾಕು ನೀರಿನಿಂದ ಮೇಲೆ ಉಳಿಯುತ್ತದೆ. ಆದರೂ ಮರಳು ಹೇಗೋ ಒಳಗೆ ಸೇರಿರುತ್ತದೆ. ತಿರುಚುವ ಲಾಕುಗಳನ್ನು ಅದೇ ರಾತ್ರಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಚೂರು ಗ್ರೀಸು ಸವರಿ ಜೋಡಿಸುತ್ತೇನೆ.