ನೇರಳೆ ಮುಚ್ಚಳದ ಟ್ಯೂಬು

ಪೊಟ್ಯಾಸಿಯಂ 9.2 ಎಂದು ಯಂತ್ರ ತೋರಿಸಿದಾಗ ರಾತ್ರಿ ಹತ್ತೂವರೆ. ಕೋಲ್ಕತ್ತದ ನ್ಯೂ ಟೌನಿನ ಒಂದು ಲ್ಯಾಬಿನಲ್ಲಿ ಅಂದು ರಾತ್ರಿ ಪಾಳಿ ನನ್ನದು. ಆರೋಗ್ಯವಂತರಲ್ಲಿ ಈ ಅಂಕಿ 3.5ರಿಂದ 5ರ ಆಸುಪಾಸು ಇರುತ್ತದೆ. ಒಂಬತ್ತು ದಾಟಿತೆಂದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ನನಗೆ ಕಲಿಸಿದ್ದನ್ನೆಲ್ಲ ಮಾಡಿದೆ. ಕಂಟ್ರೋಲ್ ಸರಿಯಾಗಿತ್ತು. ಸ್ಯಾಂಪಲ್ ಹಿಮೋಲೈಸ್ ಆಗಿರಲಿಲ್ಲ, ಅಂದರೆ ರಕ್ತಕಣಗಳು ಒಡೆದಿರಲಿಲ್ಲ, ಸೀರಂ ತಿಳಿಹಳದಿಯಾಗಿತ್ತು. ಇನ್ನೊಮ್ಮೆ ರನ್ ಮಾಡಿದೆ, 9.1 ಬಂತು. ವೈದ್ಯರಿಗೆ ಫೋನ್ ಮಾಡಿ ತಿಳಿಸಿ ರಿಪೋರ್ಟ್ ಬಿಟ್ಟೆ.

ಆ ರಕ್ತ ಒಬ್ಬ ಹಿರಿಯರದು. ಊಟಕ್ಕೆ ಕೂತಿದ್ದ ಅವರನ್ನು ಮನೆಯವರು ತಟ್ಟೆಯ ಮುಂದಿನಿಂದ ಎಬ್ಬಿಸಿ ಟ್ಯಾಕ್ಸಿ ಹತ್ತಿಸಿದರು. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿಯೇ ಇತ್ತು. ಹೊಸದಾಗಿ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ 4.3.

ಆಗಿದ್ದು ಇಷ್ಟು. ಈ ಪರೀಕ್ಷೆಗಳಿಗೆ ಬೇಕಾದ ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಿತ್ತು. ಮನೆಗೆ ಹೋಗಿ ರಕ್ತ ತೆಗೆದ ಹುಡುಗ ಮುದುಕರಿಗೆ ಮತ್ತೆ ಚುಚ್ಚುವುದು ಬೇಡವೆಂದು ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದಿಷ್ಟು ಸುರಿದಿದ್ದ. ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣ. ರಕ್ತ ಹೆಪ್ಪುಗಟ್ಟದಂತೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೆಗ್ನೀಸಿಯಂ, ಸತುಗಳನ್ನೂ ಬಿಡುವುದಿಲ್ಲ. ಅವೆರಡಿಲ್ಲದೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೆಲಸ ಮಾಡದು. ಅದೇ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 5.1 ಇತ್ತು, ಆಲ್ಕಲೈನ್ ಫಾಸ್ಫಟೇಸ್ 11 ಇತ್ತು. ಮೂರೂ ಒಂದರ ಕೆಳಗೊಂದು ಅಚ್ಚಾಗಿದ್ದವು. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿ ಪ್ರತಿಯೊಂದಕ್ಕೂ ಸಹಿ ಹಾಕಿದ್ದೆ. ಯಂತ್ರದ್ದೇನೂ ತಪ್ಪಿರಲಿಲ್ಲ. ಅದಕ್ಕೆ ಕೊಟ್ಟದ್ದನ್ನು ಅದು ಸರಿಯಾಗಿಯೇ ಅಳೆದಿತ್ತು.

ಶಿವಮೊಗ್ಗದಲ್ಲಿ ಡಿಪ್ಲೊಮಾ, ಬೆಂಗಳೂರಿನಲ್ಲಿ ಪದವಿ, ಆಮೇಲೆ ಹನ್ನೊಂದು ವರ್ಷ ಬಯೋಕೆಮಿಸ್ಟ್ರಿಯ ಬೆಂಚು. ಇಷ್ಟಾದ ಮೇಲೂ ಕೆಲಸವನ್ನೇನೋ ಬಲ್ಲೆ, ಅದರ ಕಾರಣ ಬಲ್ಲೆನೆ ಎಂಬ ಪ್ರಶ್ನೆ ಆ ರಾತ್ರಿಯ ನಂತರ ನನ್ನನ್ನು ಬಿಡಲಿಲ್ಲ. ಪರೀಕ್ಷೆಗೆ ಕಟ್ಟಿದ್ದು ಅದಕ್ಕೇ. ಅಮೆರಿಕನ್ ಸೊಸೈಟಿ ಫಾರ್ ಕ್ಲಿನಿಕಲ್ ಪೆಥಾಲಜಿ ಹೊರದೇಶದವರಿಗೂ ಪ್ರಮಾಣೀಕರಣ ಪರೀಕ್ಷೆ ನಡೆಸುತ್ತದೆ. ಲ್ಯಾಬಿನ ಎಲ್ಲ ವಿಭಾಗಗಳನ್ನೂ ಒಳಗೊಂಡ ಪರೀಕ್ಷೆಯ ಜೊತೆಗೆ ರಸಾಯನ ವಿಭಾಗಕ್ಕೆಂದೇ ಬೇರೆಯದೊಂದು ಇದೆ. ನಾನು ಆರಿಸಿಕೊಂಡದ್ದು ಎರಡನೆಯದನ್ನು. ಭಾರತದಲ್ಲಿ ಕೆಲಸ ಮಾಡಲು ಇದು ಬೇಕೇಬೇಕೆಂದಿಲ್ಲ, ಇದು ಇಲ್ಲಿನ ಪರವಾನಗಿಯೂ ಅಲ್ಲ. ಶುಲ್ಕ ಡಾಲರಿನಲ್ಲಿ; ತಿಂಗಳ ಸಂಬಳದ ದೊಡ್ಡ ಪಾಲೇ ಹೋಯಿತು. "ಈ ವಯಸ್ಸಲ್ಲಿ ಇನ್ನೆಂಥ ಪರೀಕ್ಷೆಯೇ ಮಾರಾಯ್ತಿ" ಎಂದು ತೀರ್ಥಹಳ್ಳಿಯಿಂದ ಅಕ್ಕ ಫೋನಿನಲ್ಲಿ ಕೇಳಿದಳು.

ನೂರು ಪ್ರಶ್ನೆ, ಎರಡೂವರೆ ಗಂಟೆ. ಸರಿ ಉತ್ತರ ಕೊಟ್ಟರೆ ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಇನ್ನಷ್ಟು ಕಠಿಣ ಮಾಡುತ್ತದೆ. ಹಾಗಾಗಿ ಚೆನ್ನಾಗಿ ಬರೆಯುತ್ತಿರುವವರಿಗೂ ಸೋಲುತ್ತಿದ್ದೇನೆ ಅನ್ನಿಸುತ್ತದೆ. 999ರ ಅಳತೆಯಲ್ಲಿ 400 ಬಂದರೆ ಪಾಸು. ಎಂಟು ತಿಂಗಳು ಓದಿದೆ. ಮೊದಲ ಎರಡು ತಿಂಗಳು ಗಿಣಿಪಾಠದಲ್ಲೇ ಹಾಳಾದವು. ದಾರಿ ಸಿಕ್ಕಿದ್ದು ಅಭ್ಯಾಸದ ಪುಸ್ತಕದಲ್ಲಿ ಒಂದು ಪ್ರಶ್ನೆ ಕಂಡ ದಿನ: ಪೊಟ್ಯಾಸಿಯಂ ಏರಿದೆ, ಕ್ಯಾಲ್ಸಿಯಂ ಇಳಿದಿದೆ, ಆಲ್ಕಲೈನ್ ಫಾಸ್ಫಟೇಸ್ ತೀರಾ ಕಡಿಮೆ, ಕಾರಣವೇನು? ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ತುಂಬ ಹೊತ್ತು ನಿಂತಿದ್ದೆ. ಆಮೇಲೆ ಓದುವ ಕ್ರಮವನ್ನೇ ಬದಲಿಸಿದೆ. ದಿನಕ್ಕೊಂದು ಹಳೆಯ ರಿಪೋರ್ಟ್ ತೆಗೆದು, ಹೆಸರು ಮರೆಮಾಡಿ, ಈ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಕೇಳಿಕೊಳ್ಳತೊಡಗಿದೆ. ಕಂಟ್ರೋಲ್ ಚಾರ್ಟನ್ನೂ ಹಾಗೇ ನೋಡಿದೆ. ಸತತ ಹತ್ತು ಚುಕ್ಕೆ ಸರಾಸರಿಯ ಒಂದೇ ಬದಿಗೆ ಬಿದ್ದಿದ್ದರೆ, ಅವೆಲ್ಲ ಮಿತಿಯೊಳಗೇ ಇದ್ದರೂ, ಏನೋ ಸರಿಯುತ್ತಿದೆ ಎಂದು ವೆಸ್ಟ್‌ಗಾರ್ಡ್ ನಿಯಮ ಹೇಳುತ್ತದೆ. ಅದನ್ನು ಗೋಡೆಗೆ ಅಂಟಿಸಿ ವರ್ಷಗಳಾಗಿದ್ದವು. ಅದಕ್ಕಾಗಿ ಯಂತ್ರ ನಿಲ್ಲಿಸಿದ್ದನ್ನು ನಾನಂತೂ ಕಂಡಿರಲಿಲ್ಲ.

ಬಂಗಾಳಕ್ಕೆ ಬಂದದ್ದರಿಂದಲೇ ತಿಳಿದ ಸಂಗತಿಯೂ ಒಂದಿದೆ. ನಮ್ಮ ಕಡೆ ಹಿಮೋಗ್ಲೋಬಿನ್ ಇ ಎಂಬುದನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದೆ. ಬಂಗಾಳ, ಅಸ್ಸಾಂಗಳಲ್ಲಿ ಅದು ಸಾಮಾನ್ಯ. ಮದುವೆಯ ಮುಂಚೆ ಥಲಸೀಮಿಯಾ ಪರೀಕ್ಷೆಗೆ ಬಂದ ಒಂದು ಜೋಡಿಯಲ್ಲಿ ಹುಡುಗನ ಹಿಮೋಗ್ಲೋಬಿನ್ ಎ2 ಶೇಕಡಾ 4.9, ಅಂದರೆ ಬೀಟಾ ಥಲಸೀಮಿಯಾ ವಾಹಕ. ಹುಡುಗಿಯದು 28. ಬೀಟಾ ವಾಹಕರಲ್ಲಿ ಎ2 ಅಷ್ಟು ಏರುವುದಿಲ್ಲ. ನಮ್ಮ ಯಂತ್ರದಲ್ಲಿ ಇ ಮತ್ತು ಎ2 ಒಂದೇ ಕಿಟಕಿಯಲ್ಲಿ ಇಳಿಯುತ್ತವೆ, ಆ 28ರಲ್ಲಿ ಬಹುಪಾಲು ಇ. ಇ ಮಾತ್ರ ಹೊತ್ತವರಿಗೆ ತೊಂದರೆಯಿಲ್ಲ. ಆದರೆ ಈ ಇಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಇ-ಬೀಟಾ ಥಲಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರ ಗ್ರಾಫನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆಥಾಲಜಿಸ್ಟರ ಕೋಣೆಗೆ ಹೋದೆ. ಅವರು ಅವತ್ತೇ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ವಿಜ್ಞಾನಿ ಶಂಭುನಾಥ ಡೇ ಕಾಲರಾ ವಿಷವನ್ನು ಮೊಲದ ಕರುಳಿನಲ್ಲಿ ಪರೀಕ್ಷಿಸಿ ತೋರಿಸಿ 1959ರಲ್ಲಿ 'ನೇಚರ್' ಪತ್ರಿಕೆಗೆ ಬರೆದದ್ದು ಇದೇ ಕೋಲ್ಕತ್ತದಿಂದ ಎಂಬುದು ಆಗ ನೆನಪಾಯಿತು. ಈ ನಗರದ ಲ್ಯಾಬೊಂದರಲ್ಲಿ ದುಡಿಯುತ್ತೇನೆ ಎಂಬ ಹೆಮ್ಮೆ ನನಗೆ ಅಂದು ಬಂತು.

ನಮ್ಮ ದೇಶದಲ್ಲೂ 2021ರಲ್ಲಿ ಅಲೈಡ್ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಲ್ಯಾಬ್ ಕೆಲಸದವರೂ ಅದರ ವ್ಯಾಪ್ತಿಯಲ್ಲಿದ್ದಾರೆ, ನೋಂದಣಿ ಕಡ್ಡಾಯವೆಂಬುದು ಅದರ ಆಶಯ. ಎಲ್ಲ ರಾಜ್ಯಗಳಲ್ಲೂ ಅದು ಬೇಗ, ಗಟ್ಟಿಯಾಗಿ ಜಾರಿಯಾಗಬೇಕು. ನೋಂದಣಿಯ ಜೊತೆಗೆ ಮರುಕಲಿಕೆಯೂ ಇರಬೇಕು. ಆ ಪರೀಕ್ಷೆ ಪಾಸಾಗಿ ನನಗೆ ಸಿಕ್ಕ ಪ್ರಮಾಣಪತ್ರ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಕಲಿಕೆಯ ಲೆಕ್ಕ ಒಪ್ಪಿಸಬೇಕು. ಅದು ಹೊರೆಯೆಂದು ನನಗೆ ಅನ್ನಿಸಿಲ್ಲ.

ಅಂದು ರಕ್ತ ಸುರಿದ ಹುಡುಗನ ಮಾತು ಹೇಳದೆ ಇದನ್ನು ಮುಗಿಸಲಾರೆ. ವಿಚಾರಣೆಯಾಯಿತು, ತಪ್ಪೆಲ್ಲ ಅವನ ತಲೆಗೇ ಕಟ್ಟಿದರು. ವಾರದೊಳಗೆ ಕೆಲಸ ಬಿಟ್ಟು ಹೋದ. "ದೀದಿ, ಎರಡರಲ್ಲೂ ಇರೋದು ಅದೇ ರಕ್ತ ಅಲ್ವಾ?" ಎಂದು ಬಂಗಾಳಿಯಲ್ಲಿ ಕೇಳಿದ್ದ. ಅವನಿಗೆ ಬಣ್ಣ ಹೇಳಿಕೊಟ್ಟಿದ್ದರು, ಕಾರಣ ಹೇಳಿಕೊಟ್ಟಿರಲಿಲ್ಲ. ಹನ್ನೊಂದು ವರ್ಷದ ಅನುಭವದವಳೇ ಸಹಿ ಹಾಕಿದ ಮೇಲೆ ಅವನೊಬ್ಬನನ್ನು ದೂರುವುದು ಅನ್ಯಾಯವಾಗಿತ್ತು. ಅದನ್ನು ನಾನು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು.

ಈಗ ರಕ್ತ ತೆಗೆಯಲು ಹೊಸದಾಗಿ ಸೇರಿದವರನ್ನು ಮೊದಲ ದಿನವೇ ನನ್ನ ಬೆಂಚಿಗೆ ಕರೆಯುತ್ತೇನೆ. ನನ್ನದೇ ರಕ್ತದ ಒಂದು ಹಳದಿ ಟ್ಯೂಬಿಗೆ ನೇರಳೆಯದರಿಂದ ಕೆಲವು ಹನಿ ಹಾಕಿ, ಅವರೆದುರೇ ರನ್ ಮಾಡಿ, ಅಂಕಿ ತೋರಿಸುತ್ತೇನೆ. ಹದಿನೈದು ನಿಮಿಷದ ಕೆಲಸ. ಕರ್ನಾಟಕದ ಲ್ಯಾಬುಗಳಲ್ಲಿ ಬೆಂಚಿನ ಹಿಂದೆ ಕೂತಿರುವ ನನ್ನ ಸಹೋದ್ಯೋಗಿಗಳೇ, ದಯವಿಟ್ಟು ಇದನ್ನು ನಿಮ್ಮಲ್ಲೂ ಮಾಡಿ.