ನಾಯಿ ಕಚ್ಚಿದರೆ: ಮೊದಲ 14 ದಿನಗಳ ಲೆಕ್ಕ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಹಳೆಯ ತಲೆಮಾರಿನವರಿಗೆ ಇನ್ನೂ ಹೋಗಿಲ್ಲ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿತು. ಈಗ ಸೂಜಿ ಚುಚ್ಚುವುದು ತೋಳಿಗೆ, ಚಿಕ್ಕ ಮಕ್ಕಳಾದರೆ ತೊಡೆಗೆ. ಬದಲಾಗದಿರುವುದು ಒಂದೇ: ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ತೀರಾ ವಿರಳ.

ಮೊದಲ ಕೆಲಸ ಬಚ್ಚಲಲ್ಲೇ. ಗಾಯವನ್ನು ನಲ್ಲಿ ನೀರಿಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯುವುದು ಮೇಲು. ಗಾಬರಿಯಲ್ಲಿ ಅಂದಾಜಿನ 15 ನಿಮಿಷ ಬೇಗ ಮುಗಿದುಬಿಡುತ್ತದೆ. ರೇಬೀಸ್ ವೈರಾಣುವಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಅರಿಸಿನ, ಸುಣ್ಣ, ಖಾರದ ಪುಡಿ ಬೇಡ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ.

ಅಲ್ಲಿಂದ ನೇರ ಆಸ್ಪತ್ರೆಗೆ, ಅದೇ ದಿನ. ನಾಯಿಯನ್ನು 10 ದಿನ ಗಮನಿಸುವುದು ಸರಿ, ಆದರೆ ಲಸಿಕೆ ಅದಕ್ಕಾಗಿ ಕಾಯಬಾರದು.

ಲಸಿಕೆಯಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಾಣು. ಅದರ ಮೈಮೇಲೆ ಚಾಚಿಕೊಂಡಿರುವ ಜಿ-ಪ್ರೋಟೀನೇ ಇಲ್ಲಿ ಮುಖ್ಯ ಪ್ರತಿಜನಕ, ಅಂದರೆ ದೇಹ ಗುರುತು ಹಿಡಿಯುವ ಪರಕೀಯ ವಸ್ತು. ತೋಳಿನಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಅದನ್ನು ನುಂಗಿ, ತುಂಡರಿಸಿ, ಕಂಕುಳಿನ ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಅಲ್ಲೇ ಬಿ ಕೋಶಗಳೂ ಇರುತ್ತವೆ. ಒಂದೊಂದು ಬಿ ಕೋಶದ ಮೇಲೂ ಒಂದೇ ಬಗೆಯ ಗ್ರಾಹಿ. ಅಸ್ಥಿಮಜ್ಜೆಯಲ್ಲಿ ಹುಟ್ಟುವಾಗ ವಂಶವಾಹಿಯ ಚೂರುಗಳನ್ನು ಕಲೆಸಿ ಜೋಡಿಸಿ ಮಾಡಿಕೊಂಡದ್ದು. ಈ ಕಲೆಸಾಟವನ್ನು ಬಯಲುಮಾಡಿದ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಎಂದೂ ರೇಬೀಸ್ ಕಾಣದ ದೇಹದಲ್ಲೂ ಜಿ-ಪ್ರೋಟೀನಿಗೆ ಹೊಂದುವ ಕೆಲವು ಬಿ ಕೋಶಗಳು ಮೊದಲೇ ಇರುವುದು ಇದರಿಂದಲೇ. ಲಸಿಕೆ ಆ ಕೆಲವನ್ನು ಎಬ್ಬಿಸುತ್ತದೆ. ಟಿ ಕೋಶಗಳ ನೆರವು ಸಿಕ್ಕೊಡನೆ ಅವು ಸಾವಿರಾರಾಗಿ ಬೆಳೆದು, ಹಲವು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಯುತ್ತವೆ. ಜಿ-ಪ್ರೋಟೀನನ್ನು ಪ್ರತಿಕಾಯ ಮುಚ್ಚಿತೆಂದರೆ ವೈರಾಣು ನರಕೋಶದೊಳಗೆ ನುಗ್ಗಲಾರದು.

ಇಷ್ಟಾಗಲು 7ರಿಂದ 14 ದಿನ ಬೇಕು. ತೊಡಕೇ ಇದು. ಅಷ್ಟರೊಳಗೆ ವೈರಾಣು ಗಾಯದ ಬಳಿಯ ನರ ಹಿಡಿದು ಮಿದುಳಿನತ್ತ ಹೊರಟರೆ, ಪ್ರತಿಕಾಯಗಳ ಕೈಗೆ ಸಿಗುವುದು ಕಷ್ಟ. ಆದ್ದರಿಂದ ಹಲ್ಲು ಚರ್ಮ ಸೀಳಿದ್ದರೆ, ರಕ್ತ ಬಂದಿದ್ದರೆ, ಕಣ್ಣು ಬಾಯಿಗೆ ನಾಯಿಯ ಜೊಲ್ಲು ತಾಗಿದ್ದರೆ ಲಸಿಕೆಯೊಂದೇ ಸಾಲದು. ಮನುಷ್ಯರ ಅಥವಾ ಕುದುರೆಯ ರಕ್ತದಿಂದ ತಯಾರಾದ ಸಿದ್ಧ ಪ್ರತಿಕಾಯ, ಅಂದರೆ ಇಮ್ಯುನೊಗ್ಲಾಬ್ಯುಲಿನ್, ಬೇಕು. ಅದನ್ನು ಗಾಯದ ಒಳಗೆ, ಸುತ್ತಮುತ್ತ ಚುಚ್ಚುತ್ತಾರೆ. ತೋಳಿಗೆ ಸೂಜಿ ಬಿದ್ದ ಕೂಡಲೇ ಎದ್ದು ಹೊರಡುವ ಮುನ್ನ ‘ಗಾಯಕ್ಕೂ ಕೊಡಬೇಕಾ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಮೊದಲ ದಿನ ಸಿಗದಿದ್ದರೆ ಲಸಿಕೆ ಶುರುವಾಗಿ 7 ದಿನದೊಳಗೆ ಪಡೆಯಬಹುದು. ಆಮೇಲೆ ಸ್ವಂತ ಪ್ರತಿಕಾಯಗಳೇ ಬರತೊಡಗುವುದರಿಂದ ಕೊಡುವುದಿಲ್ಲ.

ಇನ್ನು ತಾರೀಕುಗಳು. ಚರ್ಮದ ಪದರಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು ಸಲ. ಸೊನ್ನೆ ಎಂದರೆ ಕಚ್ಚಿದ ದಿನವಲ್ಲ, ಮೊದಲ ಲಸಿಕೆಯ ದಿನ. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳು ದಟ್ಟವಾಗಿರುವುದರಿಂದ ಅಲ್ಲಿ ಪ್ರತಿ ಸಲ ಎರಡು ಕಡೆ 0.1 ಮಿ.ಲೀ. ಸಾಕಾಗುತ್ತದೆ. ಇಷ್ಟು ಕಡಿಮೆಯೇ ಎಂದು ಅನುಮಾನಪಡಬೇಕಿಲ್ಲ. ಗಾಯ ಮಾಗಿತೆಂದು ಕೊನೆಯ ಡೋಸ್ ಬಿಡುವಂತಿಲ್ಲ.

ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮುಂದೊಂದು ದಿನ ಮತ್ತೆ ನಾಯಿ ಕಚ್ಚಿದರೆ, ಹಿಂದಿನ ಲಸಿಕೆಯ ನೆನಪು ಹೊತ್ತು ಉಳಿದಿರುವ ಸ್ಮೃತಿಕೋಶಗಳು ಬೇಗ ಎಚ್ಚೆತ್ತುಕೊಳ್ಳುತ್ತವೆ. ಆಗ 0 ಮತ್ತು 3ನೇ ದಿನ ಎರಡೇ ಡೋಸ್, ಇಮ್ಯುನೊಗ್ಲಾಬ್ಯುಲಿನ್ ಬೇಕಿಲ್ಲ. ಆದರೆ ಹಿಂದಿನ ಲಸಿಕೆಗೆ ದಾಖಲೆ ಇಲ್ಲದಿದ್ದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹಾಗಾಗಿ ಲಸಿಕೆ ಚೀಟಿಯ ಫೋಟೊ ಒಂದನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಬೇಕು.