ವಿಷದ ನಡುವೆ ಯೀಸ್ಟ್

ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ರೈತರಿಗೆ ಚಿರಪರಿಚಿತವಾದ ಕೆಲಸ. ಬೂಜುರೋಗವನ್ನು ತಡೆಯಲೆಂದು ಹೊಡೆಯುವ ಈ ಔಷಧಿ ಹಣ್ಣಿನ ಸಿಪ್ಪೆಯ ಮೇಲೆ ವಾಸಿಸುವ ಯೀಸ್ಟ್‌ಗಳ ಮೇಲೂ ಬೀಳುತ್ತದೆ. (ಹಣ್ಣಿನ ಮೇಲಿನ ಬಿಳಿಯ ಪುಡಿಯೇ ಯೀಸ್ಟ್ ಎಂದು ಭಾವಿಸುವವರುಂಟು, ಅದು ಹಣ್ಣು ತಾನೇ ಸ್ರವಿಸುವ ಮೇಣ. ಯೀಸ್ಟ್ ಬಿಡಿಯಾಗಿ ಬರಿಗಣ್ಣಿಗೆ ಕಾಣುವಂಥದಲ್ಲ.) ಮೈಲುತುತ್ತದಲ್ಲಿರುವ ತಾಮ್ರವು ಅತ್ಯಲ್ಪವಾಗಿದ್ದರೆ ಜೀವಕೋಶಕ್ಕೆ ಆವಶ್ಯಕ, ಮಿತಿಮೀರಿದರೆ ವಿಷ. ಓಡಿಹೋಗಲು ಕಾಲಿಲ್ಲದ ಈ ಏಕಕೋಶ ಜೀವಿಯು ರಾಸಾಯನಿಕಗಳ ಹೊಡೆತವನ್ನು ಸಹಿಸಿ ಬಾಳುವ ಬಗೆ ಹೇಗೆ?

ತಾಮ್ರವನ್ನು ಹಿಡಿದಿಡುವ ಪ್ರೋಟೀನನ್ನು ತಯಾರಿಸುವ ವಂಶವಾಹಿಯ ಅನೇಕ ಪ್ರತಿಗಳು ಕೆಲವು ಯೀಸ್ಟ್ ತಳಿಗಳಲ್ಲಿವೆ. ಇದು ಒಂದು ಬಗೆಯ ರಕ್ಷಣೆ. ಆದರೆ ಹೊಸ ಪ್ರೋಟೀನು ಸಿದ್ಧವಾಗಲು ಸಮಯ ಹಿಡಿಯುತ್ತದೆ. ಅದಕ್ಕೂ ಮೊದಲಿನ ಕೆಲವೇ ನಿಮಿಷಗಳಲ್ಲಿ ಕೋಶವು ಏನು ಮಾಡುತ್ತದೆಂಬುದು ಹೆಚ್ಚು ಸ್ವಾರಸ್ಯಕರವಾದ ವಿಚಾರ.

ವಂಶವಾಹಿಯಲ್ಲಿರುವ ಆದೇಶದ ನಕಲು ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ; ರೈಬೋಸೋಮುಗಳು ಅದನ್ನು ಓದಿ ಪ್ರೋಟೀನನ್ನು ಕಟ್ಟುತ್ತವೆ. ಆಪತ್ತು ಬಂದೊಡನೆ ಕೋಶವು ಈ ಓದುವಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಕಣದಲ್ಲಿ ರಾಗಿ ತೆನೆ ಹರಡಿರುವಾಗ ಮೋಡ ಕವಿದರೆ ರೈತನು ಒಕ್ಕಣೆಯನ್ನು ನಿಲ್ಲಿಸಿ, ತೆನೆಯನ್ನು ಗುಡ್ಡೆಮಾಡಿ ಮುಚ್ಚುವುದಿಲ್ಲವೆ? ಹಾಗೆಯೇ ಆರ್‌ಎನ್‌ಎಗಳು ಕೆಲವು ಪ್ರೋಟೀನುಗಳೊಡನೆ ಕೂಡಿ, ಕೋಶರಸದಲ್ಲಿ ಸಣ್ಣ ಸಣ್ಣ ಕಣಗಳಾಗಿ ಒಟ್ಟುಗೂಡುತ್ತವೆ. ಆಪತ್ತು ಕಳೆದ ಬಳಿಕ ಕೆಲವನ್ನು ಮತ್ತೆ ಓದಲಾಗುತ್ತದೆ, ಬೇಡವಾದವು ನಾಶವಾಗುತ್ತವೆ. ರೈತನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಅವನು ತೆನೆಯನ್ನು ನಾಶಮಾಡುವವನಲ್ಲ.

ಈ ಕಾರ್ಯದ ಸೂತ್ರಧಾರಿಗಳಾದ ಆರ್‌ಎನ್‌ಎ ಬಂಧಕ ಪ್ರೋಟೀನುಗಳನ್ನು ಕುರಿತು ಬೆಂಗಳೂರಿನಲ್ಲಿಯೇ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪುರುಷಾರ್ಥ ರಾಜ್ಯಗುರು ಅವರ ತಂಡವು ಸಂಶೋಧನೆ ನಡೆಸಿದೆ. ಅವರ ಪ್ರಯೋಗಗಳಿಗೆ ಒದಗಿರುವುದು ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟೇ. ಅದರ ಸುಮಾರು 6,000 ವಂಶವಾಹಿಗಳ ಸಂಪೂರ್ಣ ಲಿಪಿಯು 1996ರಲ್ಲಿಯೇ ಲಭ್ಯವಾಯಿತು. ಎಸ್‌ಸಿಡಿ6, ಎಸ್‌ಬಿಪಿ1 ಎಂಬ ಎರಡು ಪ್ರೋಟೀನುಗಳಲ್ಲಿ ಆರ್ಜಿನೈನ್ ಒಂದು, ಗ್ಲೈಸಿನ್ ಎರಡು ಎಂಬ ಅನುಕ್ರಮವು ಮರುಕಳಿಸುತ್ತದೆ. ರೈಬೋಸೋಮನ್ನು ಆರ್‌ಎನ್‌ಎಯ ತುದಿಗೆ ಕರೆತರುವ ಸೇತುವೆಯಂಥ ಇನ್ನೊಂದು ಪ್ರೋಟೀನನ್ನು ಇವು ಆ ಭಾಗದಿಂದಲೇ ಹಿಡಿದುಕೊಂಡು ಓದನ್ನು ತಡೆಯುತ್ತವೆಂಬುದು 2012ರಲ್ಲಿ ಪ್ರಕಟವಾಯಿತು. ಆರ್ಜಿನೈನ್‌ಗೆ ಮೀಥೈಲ್ ಗುಂಪು ಸೇರಿದರೆ ಎಸ್‌ಸಿಡಿ6ರ ಈ ಹಿಡಿತ ಬಲಗೊಳ್ಳುತ್ತದೆಂಬುದನ್ನು ಬೆಂಗಳೂರಿನ ತಂಡವು 2016ರಲ್ಲಿ ತೋರಿಸಿತು. ಅಷ್ಟು ಚಿಕ್ಕದೊಂದು ಗುಂಪಿನಿಂದ ಇಷ್ಟು ದೊಡ್ಡ ವ್ಯತ್ಯಾಸ!

ಇದೇ ತಂಡವು ಯೀಸ್ಟಿಗೆ ಹೈಡ್ರಾಕ್ಸಿಯೂರಿಯವೆಂಬ ರಾಸಾಯನಿಕವನ್ನು ಉಣಿಸಿಯೂ ಪರೀಕ್ಷಿಸಿದೆ. ಡಿಎನ್‌ಎಯ ಇಟ್ಟಿಗೆಗಳನ್ನು ಒದಗಿಸುವ ಕಿಣ್ವವನ್ನು ಅದು ತಡೆಯುವುದರಿಂದ ಕೋಶವಿಭಜನೆ ಕುಂಠಿತವಾಗುತ್ತದೆ. ಆಗ ಎಸ್‌ಸಿಡಿ6 ಮತ್ತು ಎಸ್‌ಬಿಪಿ1 ಕಣಗಳಾಗಿ ಗುಂಪುಗೂಡುವುದು ಸೂಕ್ಷ್ಮದರ್ಶಕದಲ್ಲಿ ಕಂಡುಬಂದಿದೆ.

ಈ ರಾಸಾಯನಿಕವು ಕೇವಲ ಪ್ರಯೋಗಾಲಯದ ವಸ್ತುವಲ್ಲ. ಕೆಲವು ರಕ್ತದ ಅರ್ಬುದಗಳಿಗೂ, ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಗೂ ಅದೇ ಔಷಧಿ. ಆ ರೋಗವನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಅಭಿಯಾನವು 2023ರಲ್ಲಿ ಆರಂಭವಾಯಿತು. ಎಸ್‌ಸಿಡಿ6ಕ್ಕೆ ಸಮಾನವಾದ ಎಲ್‌ಎಸ್‌ಎಂ14ಎ ಎಂಬ ಪ್ರೋಟೀನು ಮನುಷ್ಯನ ಕೋಶದಲ್ಲಿಯೂ ಇದೆ. ಹೈಡ್ರಾಕ್ಸಿಯೂರಿಯವು ರೋಗಿಯ ದೇಹದಲ್ಲಿ ಶಿಶುಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ನೋವಿನ ಸರಣಿಯನ್ನು ತಗ್ಗಿಸುತ್ತದೆ. ಆದರೆ ಮಜ್ಜೆಯಲ್ಲಿನ ಆರೋಗ್ಯವಂತ ಕೋಶಗಳಿಗೂ ಅದು ಅಡ್ಡಿಯೇ. ಆದುದರಿಂದಲೇ ಅದನ್ನು ನಿತ್ಯವೂ ಸೇವಿಸುವವರ ರಕ್ತಕಣಗಳ ಎಣಿಕೆಯನ್ನು ವೈದ್ಯರು ಆಗಾಗ್ಗೆ ಪರೀಕ್ಷಿಸಿ, ಪ್ರಮಾಣವನ್ನು ಏರಿಳಿಸುತ್ತಾರೆ.